ಮನೆಯ ನ್ಯಾಸ್‌ಗೆ ತಾನಾಗಿಯೇ ಬ್ಯಾಕಪ್: ಮೊದಲಿನಿಂದ ಕೊನೆಯವರೆಗೆ

ನನ್ನ ಅಜ್ಜಿ ಸೋಬಾನೆ ಪದ ಚೆನ್ನಾಗಿ ಹಾಡುತ್ತಿದ್ದರು. ಊರಿಗೆ ಹೋದಾಗಲೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿಕೊಳ್ಳುತ್ತಿದ್ದೆ. ಈ ಭಾನುವಾರ ಪೋರ್ಟಬಲ್ ಡಿಸ್ಕಿಗೂ ನಕಲು ಮಾಡೋಣ ಅಂತ ಪ್ರತಿ ವಾರ ಅಂದುಕೊಳ್ಳುತ್ತಿದ್ದೆ. ಒಂದು ಬೆಳಗ್ಗೆ ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ಒಳಗಿನ ಎಸ್‌ಎಸ್‌ಡಿ ಸತ್ತಿತ್ತು. ಪೋರ್ಟಬಲ್ ಡಿಸ್ಕ್ ತೆಗೆದು ನೋಡಿದರೆ ಕೊನೆಯ ನಕಲು ಎಂಟು ತಿಂಗಳು ಹಳೆಯದು. ಆ ಎಂಟು ತಿಂಗಳ ಹಾಡುಗಳು ಹೋದವು. ಅಜ್ಜಿ ಈಗಿಲ್ಲ, ಮತ್ತೆ ಹಾಡಿಸುವ ಹಾಗಿಲ್ಲ.

ಅವತ್ತಿನಿಂದ ಎರಡು ವಿಷಯದಲ್ಲಿ ನಾನು ಹಟ ಹಿಡಿದಿದ್ದೇನೆ. ಒಂದು, ಬ್ಯಾಕಪ್ ನನ್ನ ನೆನಪನ್ನು ನೆಚ್ಚಿಕೊಂಡಿರಬಾರದು. ಎರಡು, ಬ್ಯಾಕಪ್ ಕಳಿಸುವ ಲ್ಯಾಪ್‌ಟಾಪಿಗೆ ಆ ಬ್ಯಾಕಪ್ಪನ್ನು ಪೂರ್ತಿ ಅಳಿಸಿಹಾಕುವ ಶಕ್ತಿ ಇರಬಾರದು. ಮೊದಲನೆಯದನ್ನು ಬಹಳ ಜನ ಮಾಡುತ್ತಾರೆ. ಎರಡನೆಯದನ್ನು ಮರೆಯುತ್ತಾರೆ. ಈ ಮಾರ್ಗದರ್ಶಿಯಲ್ಲಿ ಎರಡನ್ನೂ ಮಾಡೋಣ.

ನಾನು ಬಳಸುವುದು ವಿಂಡೋಸ್ 11 ಲ್ಯಾಪ್‌ಟಾಪ್, ಎರಡು ಡಿಸ್ಕ್ ಹಾಕುವ ಸೈನಾಲಜಿ ಕಂಪನಿಯ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಸೇರಿಸಿಡುವ ಡಿಸ್ಕ್ ಪೆಟ್ಟಿಗೆ), ಮತ್ತು ಡುಪ್ಲಿಕಾಟಿ ಎಂಬ ಉಚಿತ ಸಾಫ್ಟ್‌ವೇರ್. ನಿಮ್ಮ ನ್ಯಾಸ್ ಬೇರೆ ಕಂಪನಿಯದಾದರೂ ಕ್ರಮ ಇದೇ, ಮೆನುವಿನ ಹೆಸರುಗಳು ಮಾತ್ರ ಬದಲಾಗುತ್ತವೆ. ಮ್ಯಾಕ್ ಮತ್ತು ಲಿನಕ್ಸ್ ಇರುವವರಿಗೂ ಮುಂದೆ ನಾಲ್ಕು ಮಾತು ಇದೆ.

ಇನ್‌ಕ್ರಿಮೆಂಟಲ್ ಅಂದರೆ ಏನು

ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಅಂಗಡಿಯವರು ಪ್ರತಿ ರಾತ್ರಿ ಇಡೀ ಪುಸ್ತಕವನ್ನು ಮತ್ತೆ ನಕಲು ಮಾಡುವುದಿಲ್ಲ. ಅವತ್ತಿನ ಕೊಡು-ಕೊಳ್ಳುವಿಕೆ ಮಾತ್ರ ಬರೆಯುತ್ತಾರೆ. ಆದರೂ ಕಳೆದ ತಿಂಗಳ 12ನೇ ತಾರೀಕು ನಿಮ್ಮ ಬಾಕಿ ಎಷ್ಟಿತ್ತು ಅಂತ ಕೇಳಿದರೆ ತೆಗೆದು ಹೇಳುತ್ತಾರೆ. ಇನ್‌ಕ್ರಿಮೆಂಟಲ್ ಬ್ಯಾಕಪ್ ಕೂಡ ಹಾಗೆಯೇ. ಮೊದಲ ಸಲ ಎಲ್ಲವೂ ಹೋಗುತ್ತದೆ. ಆಮೇಲೆ ಬದಲಾದದ್ದು ಮಾತ್ರ.

ಲೆಕ್ಕ ಹಾಕಿ ನೋಡಿ. ನಿಮ್ಮ ಬಳಿ 200 ಜಿಬಿ ಫೈಲುಗಳಿವೆ, ದಿನಕ್ಕೆ ಸುಮಾರು 1 ಜಿಬಿ ಬದಲಾಗುತ್ತದೆ ಅಂದುಕೊಳ್ಳಿ. ದಿನವೂ ಪೂರ್ತಿ ನಕಲು ಇಟ್ಟರೆ 30 ದಿನಕ್ಕೆ 6,000 ಜಿಬಿ ಬೇಕು. ಇನ್‌ಕ್ರಿಮೆಂಟಲ್ ಆದರೆ ಸುಮಾರು 230 ಜಿಬಿ ಸಾಕು. ಎರಡರಲ್ಲೂ 30 ದಿನಗಳಲ್ಲಿ ಯಾವ ದಿನದ ಸ್ಥಿತಿಗೆ ಬೇಕಾದರೂ ಹಿಂದಿರುಗಬಹುದು.

ಡುಪ್ಲಿಕಾಟಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಫೈಲನ್ನು ಸಣ್ಣ ಸಣ್ಣ ತುಂಡುಗಳಾಗಿ ನೋಡುತ್ತದೆ. ಔಟ್‌ಲುಕ್ ಮೇಲ್‌ಗಳನ್ನೆಲ್ಲ ಕೂಡಿಡುವ 6 ಜಿಬಿ ಪಿಎಸ್‌ಟಿ ಫೈಲಿನಲ್ಲಿ ಇವತ್ತು ಹತ್ತು ಮೇಲ್ ಸೇರಿದರೆ 6 ಜಿಬಿಯನ್ನೂ ಮತ್ತೆ ಕಳಿಸುವುದಿಲ್ಲ, ಬದಲಾದ ತುಂಡುಗಳನ್ನಷ್ಟೇ ಕಳಿಸುತ್ತದೆ. ಪ್ರತಿ ದಿನದ ಬ್ಯಾಕಪ್ ಅಂದರೆ ಯಾವ ತುಂಡುಗಳು ಸೇರಿ ಯಾವ ಫೈಲು ಅನ್ನುವ ಒಂದು ಪಟ್ಟಿ. ಹಾಗಾಗಿ ಹಳೆಯ ದಿನವೊಂದನ್ನು ತೆಗೆದರೆ ಉಳಿದ ದಿನಗಳಿಗೆ ಏನೂ ಆಗುವುದಿಲ್ಲ. ಬೇರೆ ಯಾವ ದಿನಕ್ಕೂ ಬೇಡವಾದ ತುಂಡುಗಳು ಮಾತ್ರ ಹೋಗುತ್ತವೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ನ್ಯಾಸ್‌ನಲ್ಲಿ ಎರಡು ಡಿಸ್ಕ್ ಹಾಕಿ ರೇಯ್ಡ್ 1 (ಎರಡರಲ್ಲೂ ಒಂದೇ ಮಾಹಿತಿ ಬರೆಯುವ ವ್ಯವಸ್ಥೆ) ಮಾಡಿದರೆ ಅದು ಬ್ಯಾಕಪ್ ಅಲ್ಲ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ, ಅಷ್ಟೇ. ನೀವು ಒಂದು ಫೈಲ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅದೇ ಕ್ಷಣ ಅಳಿಯುತ್ತದೆ.

ನ್ಯಾಸ್ ಇಡುವ ಜಾಗ, ಕರೆಂಟು, ಸಿಡಿಲು

ಡಿಸ್ಕ್ ಕೊಳ್ಳುವಾಗ ಸಿಎಂಆರ್ (ಮಾಹಿತಿಯ ಸಾಲುಗಳನ್ನು ಪಕ್ಕಪಕ್ಕ ಬರೆಯುವ ಬಗೆ) ಎಂದು ಸ್ಪಷ್ಟವಾಗಿ ಹೇಳಿರುವುದನ್ನೇ ಕೊಳ್ಳಿ. ಸೀಗೇಟ್ ಐರನ್‌ವುಲ್ಫ್, ಡಬ್ಲ್ಯುಡಿ ರೆಡ್ ಪ್ಲಸ್ ಅಂಥವು. ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯಿಸಿ ಬರೆಯುವ ಎಸ್‌ಎಂಆರ್ ಡಿಸ್ಕುಗಳು ಅಗ್ಗ, ಆದರೆ ಹೊಸ ಡಿಸ್ಕ್ ಹಾಕಿ ರೇಯ್ಡ್ ಮತ್ತೆ ಕಟ್ಟುವಾಗ ತುಂಬಾ ನಿಧಾನವಾಗುತ್ತವೆ. 4 ಟಿಬಿಯ ಎರಡು ಡಿಸ್ಕ್ ರೇಯ್ಡ್ 1ರಲ್ಲಿ ಹಾಕಿದರೆ ಪರದೆ ಮೇಲೆ ಸುಮಾರು 3.6 ಟಿಬಿ ಕಾಣುತ್ತದೆ. ಮೋಸ ಏನೂ ಇಲ್ಲ. ಡಿಸ್ಕ್ ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ನ್ಯಾಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ.

ನಮ್ಮಲ್ಲಿ ಕರೆಂಟಿನ ಮಾತು ಬಿಡುವ ಹಾಗಿಲ್ಲ. ಮನೆಯ ಇನ್ವರ್ಟರ್ ಇದೆಯಲ್ಲ, ಸಾಕು ಅನ್ನಿಸುತ್ತದೆ. ಆದರೆ ಅನೇಕ ಇನ್ವರ್ಟರುಗಳು ಸಾಮಾನ್ಯ ಮೋಡಿನಲ್ಲಿ ಬದಲಾಗುವಷ್ಟರಲ್ಲಿ ನ್ಯಾಸ್ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ. ಬರೆಯುವ ಮಧ್ಯೆ ಹೀಗಾಗುವುದು ಒಳ್ಳೆಯದಲ್ಲ. ಇನ್ವರ್ಟರಿನ ಹಿಂದುಗಡೆ ಯುಪಿಎಸ್ ಮೋಡಿನ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಇನ್ನೂ ಒಳ್ಳೆಯದು, ಯುಎಸ್‌ಬಿ ಕೇಬಲ್ ಇರುವ ಸಣ್ಣ ಯುಪಿಎಸ್ ಕೊಂಡು ನ್ಯಾಸ್‌ಗೆ ಸೇರಿಸಿ. ನ್ಯಾಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಾರ್ಡ್‌ವೇರ್ ಅಂಡ್ ಪವರ್, ಅಲ್ಲಿ ಯುಪಿಎಸ್ ಟ್ಯಾಬ್, ಅದನ್ನು ಆನ್ ಮಾಡಿ. ಬ್ಯಾಟರಿ ಮುಗಿಯುವ ಮೊದಲೇ ನ್ಯಾಸ್ ಎಲ್ಲ ಬರೆದು ಮುಗಿಸಿ ಸುರಕ್ಷಿತವಾಗಿ ನಿಲ್ಲುತ್ತದೆ.

ಮಲೆನಾಡು, ಕರಾವಳಿಯವರು ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಜೊತೆಗೆ ಲ್ಯಾನ್ ಕೇಬಲನ್ನೂ ತೆಗೆಯಿರಿ. ಸಿಡಿಲಿನ ಹೊಡೆತ ತಾಮ್ರದ ತಂತಿಯ ಮೂಲಕವೂ ಬರುತ್ತದೆ.

ನ್ಯಾಸ್ ಸಿದ್ಧ ಮಾಡುವುದು

ಮೊದಲು ಮನೆಯ ನೆಟ್‌ವರ್ಕಿನಲ್ಲಿ ನ್ಯಾಸ್‌ನ ವಿಳಾಸ (ಐಪಿ) ಸ್ಥಿರವಾಗಿರಲಿ. ರೂಟರಿನ ಸೆಟ್ಟಿಂಗ್‌ಗೆ ಹೋಗಿ, ಡಿಎಚ್‌ಸಿಪಿ ರಿಸರ್ವೇಶನ್ ಎಂಬಲ್ಲಿ ನ್ಯಾಸ್‌ಗೆ ಒಂದು ಐಪಿ ಕಟ್ಟಿಹಾಕಿ. ರೂಟರ್ 192.168.1.1 ಆಗಿದ್ದರೆ ನ್ಯಾಸ್‌ಗೆ 192.168.1.50 ಕೊಡಬಹುದು. ಇದನ್ನು ಬಿಟ್ಟರೆ ರೂಟರ್ ಒಮ್ಮೆ ರೀಸ್ಟಾರ್ಟ್ ಆದ ಮೇಲೆ ವಿಳಾಸ ಬದಲಾಗಿ ಬ್ಯಾಕಪ್ ಸದ್ದಿಲ್ಲದೆ ನಿಂತುಹೋಗಬಹುದು.

ಆಮೇಲೆ ಈ ಕ್ರಮದಲ್ಲಿ ಮಾಡಿ:

1. ವಾಲ್ಯೂಮ್ ಮಾಡುವಾಗ ಫೈಲ್ ಸಿಸ್ಟಮ್ ಬಿಟಿಆರ್‌ಎಫ್‌ಎಸ್ ಆರಿಸಿ. ಮುಂದೆ ಸ್ನ್ಯಾಪ್‌ಶಾಟ್ (ಫೋಲ್ಡರಿನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು) ಬೇಕಾಗುತ್ತದೆ. ಎಲ್ಲ ಮಾದರಿಗಳಲ್ಲೂ ಇದು ಇರುವುದಿಲ್ಲ, ಕೊಳ್ಳುವ ಮೊದಲೇ ನೋಡಿ.
2. ಕಂಟ್ರೋಲ್ ಪ್ಯಾನೆಲ್‌ನ ಶೇರ್ಡ್ ಫೋಲ್ಡರ್‌ನಲ್ಲಿ ಬ್ಯಾಕಪ್ ಎಂಬ ಹೊಸ ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ. ಫೈಲು ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ಡೇಟಾ ಚೆಕ್‌ಸಮ್ ಆಯ್ಕೆ ಟಿಕ್ ಮಾಡಿ. ಇದನ್ನು ಆಮೇಲೆ ಹಾಕಲು ಆಗುವುದಿಲ್ಲ.
3. ಯೂಸರ್ ಅಂಡ್ ಗ್ರೂಪ್‌ನಲ್ಲಿ ಬ್ಯಾಕಪ್ಪಿಗೆಂದೇ ಒಂದು ಬಳಕೆದಾರ ಖಾತೆ ಮಾಡಿ. ಆ ಫೋಲ್ಡರಿಗೆ ಮಾತ್ರ ಓದುವ-ಬರೆಯುವ ಅನುಮತಿ ಕೊಡಿ. ಬೇರೆ ಎಲ್ಲದಕ್ಕೂ ನೋ ಆಕ್ಸೆಸ್.
4. ಫೈಲ್ ಸರ್ವಿಸಸ್‌ನಲ್ಲಿ ಎಸ್‌ಎಂಬಿ (ವಿಂಡೋಸ್ ನೆಟ್‌ವರ್ಕಿನಲ್ಲಿ ಫೈಲು ಹಂಚಿಕೊಳ್ಳುವ ವಿಧಾನ) ಆನ್ ಮಾಡಿ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಕನಿಷ್ಠ ಪ್ರೋಟೋಕಾಲ್ ಎಸ್‌ಎಂಬಿ 2 ಇರಲಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಹರಡಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷ ಹಿಡಿದುಕೊಂಡು.
5. ಮೊದಲೇ ಬಂದಿರುವ ಅಡ್ಮಿನ್ ಹೆಸರಿನ ಖಾತೆಯನ್ನು ನಿಷ್ಕ್ರಿಯಗೊಳಿಸಿ. ನಿಮ್ಮದೇ ಹೆಸರಿನ ಅಡ್ಮಿನ್ ಖಾತೆ ಮಾಡಿಕೊಂಡು ಎರಡು ಹಂತದ ಲಾಗಿನ್ ಹಾಕಿ.

ಇನ್ನೊಂದು ಮಾತು. ನ್ಯಾಸ್‌ಗೆ ಹೊರಗಿನ ಇಂಟರ್ನೆಟ್‌ನಿಂದ ಬಾಗಿಲು ತೆರೆಯಬೇಡಿ. ರೂಟರಿನಲ್ಲಿ ಹೊರಗಿನವರನ್ನು ಒಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಬೇಡ. ಸಾಧನಗಳು ತಾವೇ ಅಂಥ ಬಾಗಿಲು ತೆರೆಯಲು ಬಿಡುವ ಯುಪಿಎನ್‌ಪಿ ಆಫ್ ಇರಲಿ. 2014ರಲ್ಲಿ ಸೈನೋಲಾಕರ್, 2022ರಲ್ಲಿ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್‌ಗಳು ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ನ್ಯಾಸ್‌ಗಳನ್ನೇ ಹುಡುಕಿ ಬೀಗ ಹಾಕಿದವು. ಬ್ಯಾಕಪ್ ಮನೆಯೊಳಗೇ ನಡೆಯುವಾಗ ಹೊರಬಾಗಿಲು ಯಾಕೆ ಬೇಕು ಅಲ್ವಾ?

ಏನನ್ನು ಉಳಿಸಬೇಕು

ಈ ಭಾಗಕ್ಕೆ ಒಂದು ಸಂಜೆ ಕೊಡಿ. ಸಾಫ್ಟ್‌ವೇರ್ ಹಾಕುವುದು ಅರ್ಧ ಗಂಟೆಯ ಕೆಲಸ. ಆದರೆ ನಿಮಗೆ ಬೇಕಾದದ್ದು ಎಲ್ಲಿದೆ ಅಂತ ನಿಮಗೆ ಮಾತ್ರ ಗೊತ್ತು.

ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಹೇಗೂ ಬೇಕು. ಡೌನ್‌ಲೋಡ್ಸ್ ಬಿಡಬಹುದು, ಆದರೆ ಒಮ್ಮೆ ತೆರೆದು ನೋಡಿ. ಬ್ಯಾಂಕ್ ಸ್ಟೇಟ್‌ಮೆಂಟು, ಪಹಣಿಯ ಪಿಡಿಎಫ್, ಮಕ್ಕಳ ಅಂಕಪಟ್ಟಿ ಎಲ್ಲ ಅಲ್ಲೇ ಬಿದ್ದಿರುತ್ತವೆ. ಟ್ಯಾಲಿ ಬಳಸುವವರು ಟ್ಯಾಲಿಯೊಳಗೆ ಹೋಗಿ ಡೇಟಾ ಫೋಲ್ಡರಿನ ದಾರಿ ನೋಡಿಕೊಳ್ಳಿ. ಸಾಮಾನ್ಯವಾಗಿ ಅದು ಡಾಕ್ಯುಮೆಂಟ್ಸ್ ಒಳಗೆ ಇರುವುದಿಲ್ಲ.

ಒನ್‌ಡ್ರೈವ್ ಬಳಸುತ್ತಿದ್ದರೆ ಹುಷಾರು. ಫೈಲಿನ ಪಕ್ಕ ಮೋಡದ ಚಿತ್ರ ಇದ್ದರೆ ಆ ಫೈಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಬೇಕಾದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್ ಆರಿಸಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ಮಾತು. ನುಡಿ, ಬರಹ, ಶ್ರೀಲಿಪಿಯಲ್ಲಿ ಯೂನಿಕೋಡ್‌ಗೆ ಮೊದಲು ಟೈಪ್ ಮಾಡಿದ ಹಳೆಯ ಕಡತಗಳು ಇವೆಯೇ? ಅವುಗಳಲ್ಲಿ ಕನ್ನಡ ಅಕ್ಷರ ನಿಜವಾಗಿ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಫಾಂಟು ಕನ್ನಡದ ರೂಪ ತೊಡಿಸಿರುತ್ತದೆ. ಹೊಸ ಕಂಪ್ಯೂಟರಿಗೆ ಫೈಲು ಸರಿಯಾಗಿಯೇ ವಾಪಸ್ ಬಂದರೂ ಆ ಫಾಂಟು ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆದ್ದರಿಂದ ಆ ಫಾಂಟು ಫೈಲುಗಳನ್ನೂ ತಂತ್ರಾಂಶದ ಇನ್‌ಸ್ಟಾಲರನ್ನೂ ಡಾಕ್ಯುಮೆಂಟ್ಸ್ ಒಳಗೆ ಒಂದು ಫೋಲ್ಡರಿನಲ್ಲಿ ಇಟ್ಟು ಅದನ್ನೂ ಬ್ಯಾಕಪ್ಪಿಗೆ ಸೇರಿಸಿ. ಮುಖ್ಯವಾದವನ್ನು ಯೂನಿಕೋಡ್‌ಗೆ ಬದಲಾಯಿಸಿ ಇಟ್ಟರೆ ಇನ್ನೂ ಒಳ್ಳೆಯದು. ಹಳೆಯದನ್ನು ಮಾತ್ರ ಅಳಿಸಬೇಡಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಲವು ಸಲ ತಪ್ಪಿಹೋಗುತ್ತವೆ.

ಡುಪ್ಲಿಕಾಟಿಯಲ್ಲಿ ಕೆಲಸ ಒಪ್ಪಿಸುವುದು

ಡುಪ್ಲಿಕಾಟಿಯ ಅಧಿಕೃತ ತಾಣದಿಂದ ವಿಂಡೋಸ್ ಇನ್‌ಸ್ಟಾಲರ್ ಇಳಿಸಿಕೊಂಡು ಹಾಕಿ. ಅದರ ಪುಟ ಬ್ರೌಸರಿನಲ್ಲೇ ತೆರೆಯುತ್ತದೆ, ಪೋರ್ಟ್ 8200ರಲ್ಲಿ. ಆಡ್ ಬ್ಯಾಕಪ್ ಒತ್ತಿದರೆ ಐದು ಹಂತ ಬರುತ್ತದೆ. ಆವೃತ್ತಿ ಬದಲಾದರೆ ಪದಗಳು ಸ್ವಲ್ಪ ಆಚೀಚೆ ಇರಬಹುದು.

ಜನರಲ್: ಕೆಲಸಕ್ಕೊಂದು ಹೆಸರು ಕೊಡಿ. ಎನ್‌ಕ್ರಿಪ್ಶನ್ (ಪಾಸ್‌ಫ್ರೇಸ್ ಇಲ್ಲದೆ ಓದಲಾಗದಂತೆ ಮಾಡುವುದು) ಎಇಎಸ್-256 ಇರಲಿ. ಪಾಸ್‌ಫ್ರೇಸ್ ಉದ್ದವಾಗಿರಲಿ, ನಿಮಗೆ ಮಾತ್ರ ಗೊತ್ತಿರುವ ಐದಾರು ಪದ ಸೇರಿಸಿ. ಇದನ್ನು ಈಗಲೇ ಕಾಗದದ ಮೇಲೆ ಬರೆದು, ಮನೆಪತ್ರ, ವಿಮೆಯ ಬಾಂಡು ಇಡುವ ಬೀರುವಿನಲ್ಲಿ ಇಡಿ. ಇದು ಕಳೆದರೆ ಫೈಲುಗಳನ್ನು ಯಾರೂ ತೆರೆದುಕೊಡಲಾರರು. ಡುಪ್ಲಿಕಾಟಿ ಮಾಡಿದವರಿಗೂ ಆಗುವುದಿಲ್ಲ.

ಡೆಸ್ಟಿನೇಶನ್: ಇಲ್ಲಿ ಬಹಳ ಜನ ಎಡವುತ್ತಾರೆ. ನ್ಯಾಸ್ ಫೋಲ್ಡರನ್ನು ಜ಼ೆಡ್ ಡ್ರೈವ್ ಅಂತ ಮ್ಯಾಪ್ ಮಾಡಿ ಅದನ್ನು ಕೊಡಬೇಡಿ. ಹಿನ್ನೆಲೆಯಲ್ಲಿ ಸರ್ವಿಸ್ ಆಗಿ ಓಡುವ ಪ್ರೋಗ್ರಾಮಿಗೆ ನಿಮ್ಮ ಮ್ಯಾಪ್ ಮಾಡಿದ ಡ್ರೈವ್ ಕಾಣುವುದಿಲ್ಲ. ಪೂರ್ತಿ ನೆಟ್‌ವರ್ಕ್ ದಾರಿಯನ್ನೇ ಬರೆಯಿರಿ, ಹೀಗೆ:

\\192.168.1.50\ಬ್ಯಾಕಪ್\ಲ್ಯಾಪ್‌ಟಾಪ್1

ಹೆಸರುಗಳನ್ನು ನೀವು ನ್ಯಾಸ್‌ನಲ್ಲಿ ಕೊಟ್ಟ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಕೆಳಗೆ ಬ್ಯಾಕಪ್ ಖಾತೆಯ ಹೆಸರು, ಪಾಸ್‌ವರ್ಡ್ ಹಾಕಿ. ಟೆಸ್ಟ್ ಕನೆಕ್ಷನ್ ಒತ್ತಿ. ಆ ಪಾಸ್‌ವರ್ಡನ್ನು ವಿಂಡೋಸ್‌ನಲ್ಲಿ ಉಳಿಸಬೇಡಿ. ಡುಪ್ಲಿಕಾಟಿಗೆ ಮಾತ್ರ ಗೊತ್ತಿರಲಿ. ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಇದ್ದರೆ ಒಂದೊಂದಕ್ಕೂ ಬೇರೆ ಖಾಲಿ ಫೋಲ್ಡರ್ ಬೇಕು. ಎರಡು ಬ್ಯಾಕಪ್ ಕೆಲಸಗಳಿಗೆ ಒಂದೇ ಫೋಲ್ಡರ್ ಕೊಟ್ಟರೆ ಕಡತಗಳು ಬೆರೆತು ದೋಷ ಬರುತ್ತದೆ.

ಸೋರ್ಸ್ ಡೇಟಾ: ಮೇಲೆ ಹುಡುಕಿಟ್ಟ ಫೋಲ್ಡರುಗಳನ್ನು ಟಿಕ್ ಮಾಡಿ. ಎಕ್ಸ್‌ಕ್ಲೂಡ್‌ನಲ್ಲಿ ಟೆಂಪರರಿ ಫೈಲುಗಳನ್ನು ಬಿಡಿ.

ಶೆಡ್ಯೂಲ್: ರಾತ್ರಿ ಎರಡು ಗಂಟೆ ಅಂತ ಎಲ್ಲರೂ ಹಾಕುತ್ತಾರೆ. ಆ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿರುತ್ತದೆ. ನೀವು ನಿಜವಾಗಿ ಲ್ಯಾಪ್‌ಟಾಪ್ ಮುಂದೆ ಇರುವ ಹೊತ್ತು ಹಾಕಿ. ನಾನು ಸಂಜೆ 8:30 ಇಟ್ಟಿದ್ದೇನೆ. ಒಂದು ದಿನ ತಪ್ಪಿದರೆ ಡುಪ್ಲಿಕಾಟಿ ಮತ್ತೆ ಶುರುವಾದಾಗ ಬಾಕಿಯಿದ್ದದ್ದನ್ನು ತಾನೇ ಮಾಡುತ್ತದೆ.

ಆಪ್ಶನ್ಸ್: ಬ್ಯಾಕಪ್ ರಿಟೆನ್ಶನ್‌ನಲ್ಲಿ ಸ್ಮಾರ್ಟ್ ಆರಿಸಿ. ಕಳೆದ 7 ದಿನಗಳಿಗೆ ದಿನಕ್ಕೊಂದು, 4 ವಾರಗಳಿಗೆ ವಾರಕ್ಕೊಂದು, 12 ತಿಂಗಳಿಗೆ ತಿಂಗಳಿಗೊಂದು ಉಳಿಸಿ ನಡುವಿನವನ್ನು ತೆಗೆಯುತ್ತದೆ. ಜಾಗ ಲೆಕ್ಕಕ್ಕೆ ಸಿಗುತ್ತದೆ. ಔಟ್‌ಲುಕ್‌ನಂಥ ತೆರೆದೇ ಇರುವ ಫೈಲುಗಳಿದ್ದರೆ ಸ್ನ್ಯಾಪ್‌ಶಾಟ್-ಪಾಲಿಸಿ ಎಂಬ ಆಯ್ಕೆ ಬೇಕಾಗುತ್ತದೆ. ಅದಕ್ಕೆ ಡುಪ್ಲಿಕಾಟಿ ಅಡ್ಮಿನ್ ಹಕ್ಕಿನಲ್ಲಿ ಓಡಬೇಕು. ಅದು ಕಷ್ಟವೆನಿಸಿದರೆ ಬ್ಯಾಕಪ್ ಹೊತ್ತಿಗೆ ಔಟ್‌ಲುಕ್ ಮುಚ್ಚಿ.

ಮೊದಲ ಸಲ ಲ್ಯಾನ್ ಕೇಬಲ್ ಹಾಕಿಯೇ ಓಡಿಸಿ. ಗಿಗಾಬಿಟ್ ಕೇಬಲಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗಬಲ್ಲದು. ಸುಮ್ನೆ ನಕಲು ಮಾಡಿದರೆ 500 ಜಿಬಿಗೆ ಒಂದೂಕಾಲು ಗಂಟೆ. ಎನ್‌ಕ್ರಿಪ್ಟ್ ಮಾಡುವುದರಿಂದ ಡುಪ್ಲಿಕಾಟಿಗೆ ಜಾಸ್ತಿ ಹಿಡಿಯುತ್ತದೆ. ದೂರದ ಕೋಣೆಯ ವೈಫೈಯಲ್ಲಿ ಸೆಕೆಂಡಿಗೆ 5 ಎಂಬಿ ಸಿಕ್ಕರೆ ಅದೇ ನಕಲಿಗೆ ಒಂದು ದಿನ ದಾಟುತ್ತದೆ. ಆಮೇಲಿನ ದಿನಗಳಿಗೆ ವೈಫೈ ಸಾಕು.

ಮುಗಿದ ಮೇಲೆ ಎಕ್ಸ್‌ಪೋರ್ಟ್ ಒತ್ತಿ ಈ ಸೆಟ್ಟಿಂಗನ್ನು ಒಂದು ಪೆನ್ ಡ್ರೈವಿಗೆ ಉಳಿಸಿ. ಆ ಕಾಗದದ ಜೊತೆಗೇ ಇಡಿ.

ಮ್ಯಾಕ್ ಇದ್ದರೆ ಡುಪ್ಲಿಕಾಟಿ ಬೇಡ. ನ್ಯಾಸ್‌ನ ಫೈಲ್ ಸರ್ವಿಸಸ್‌ನಲ್ಲಿ ಟೈಮ್ ಮಷೀನ್ (ಮ್ಯಾಕ್‌ನದೇ ಬ್ಯಾಕಪ್ ಸೌಲಭ್ಯ) ಫೋಲ್ಡರ್ ಗೊತ್ತುಮಾಡಿ, ಮ್ಯಾಕ್‌ನಲ್ಲಿ ಅದನ್ನು ಆರಿಸಿ. ಅದು ಗಂಟೆಗೊಮ್ಮೆ ತಾನೇ ಉಳಿಸುತ್ತದೆ. ಆ ಫೋಲ್ಡರಿಗೆ ಕೋಟಾ (ಜಾಗದ ಮಿತಿ) ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಇರುವ ಜಾಗವನ್ನೆಲ್ಲ ತುಂಬುತ್ತದೆ. ಉಬುಂಟುವಿನಲ್ಲಿ ಬ್ಯಾಕಪ್ಸ್ ಎಂಬ ಹೆಸರಿನಲ್ಲಿ ಸಿಗುವ ಡೇಜಾ ಡುಪ್ ಸಾಕು. ಕಮಾಂಡ್ ಬಲ್ಲವರಿಗೆ ಬದಲಾದದ್ದನ್ನಷ್ಟೇ ನಕಲು ಮಾಡುವ ಆರ್‌ಸಿಂಕ್ ಇದ್ದೇ ಇದೆ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಹೊರತಂದ ಈ ಸಾಧನ ಇವತ್ತಿಗೂ ಗಟ್ಟಿ.

ಲ್ಯಾಪ್‌ಟಾಪಿನ ಕೈಗೆ ಸಿಗದ ನಕಲು

ಈಗ ನಾನು ಹಟ ಹಿಡಿದ ಎರಡನೆಯ ವಿಷಯ. ಲ್ಯಾಪ್‌ಟಾಪಿಗೆ ರಾನ್ಸಮ್‌ವೇರ್ ಬಂತು ಅಂದುಕೊಳ್ಳಿ. ಡುಪ್ಲಿಕಾಟಿ ಹೋಗಬಲ್ಲ ಕಡೆಗೆ ಅದೂ ಹೋಗಬಹುದು. ಬ್ಯಾಕಪ್ ಫೋಲ್ಡರಿನಲ್ಲಿ ಬರೆಯುವ ಹಕ್ಕು ಅಂದರೆ ಅಳಿಸುವ ಹಕ್ಕು ಕೂಡ.

ಇದಕ್ಕೆ ಉತ್ತರ ನ್ಯಾಸ್‌ನದೇ ಸ್ನ್ಯಾಪ್‌ಶಾಟ್. ಪ್ಯಾಕೇಜ್ ಸೆಂಟರ್‌ನಿಂದ ಸ್ನ್ಯಾಪ್‌ಶಾಟ್ ರೆಪ್ಲಿಕೇಶನ್ ಹಾಕಿ. ಸ್ನ್ಯಾಪ್‌ಶಾಟ್ಸ್‌ನಲ್ಲಿ ಬ್ಯಾಕಪ್ ಫೋಲ್ಡರ್ ಆರಿಸಿ, ಸೆಟ್ಟಿಂಗ್ಸ್‌ಗೆ ಹೋಗಿ, ದಿನಕ್ಕೊಮ್ಮೆ ರಾತ್ರಿ 11:30ಕ್ಕೆ ಎಂದು ಹಾಕಿ. ರಿಟೆನ್ಶನ್ ಟ್ಯಾಬಿನಲ್ಲಿ 30 ಇಟ್ಟುಕೊಳ್ಳಿ. ಈ ಸ್ನ್ಯಾಪ್‌ಶಾಟ್ ಮಾಡುವುದು ನ್ಯಾಸ್. ಅಳಿಸಲು ನ್ಯಾಸ್‌ನ ಅಡ್ಮಿನ್ ಬೇಕು. ಬ್ಯಾಕಪ್ ಖಾತೆಗೆ ಆ ಶಕ್ತಿ ಇಲ್ಲ. ಫೋಲ್ಡರ್ ಪೂರ್ತಿ ಅಳಿದರೂ ನಿನ್ನೆ ರಾತ್ರಿಯ ಸ್ಥಿತಿಗೆ ಹಿಂದಿರುಗಬಹುದು. ಸೈನಾಲಜಿಯ ಆಪರೇಟಿಂಗ್ ಸಿಸ್ಟಮ್ ಆದ ಡಿಎಸ್‌ಎಂ 7.2 ಇದ್ದು ನಿಮ್ಮ ಮಾದರಿ ಬೆಂಬಲಿಸಿದರೆ ಇಮ್ಯೂಟಬಲ್ (ಬದಲಿಸಲಾಗದ) ಆಯ್ಕೆಯೂ ಸಿಗುತ್ತದೆ. ಗೊತ್ತುಮಾಡಿದಷ್ಟು ದಿನ ಅಡ್ಮಿನ್ ಕೂಡ ಅಳಿಸಲಾರರು. ಸಿಕ್ಕರೆ ಖಂಡಿತ ಹಾಕಿ.

ಅಡ್ಮಿನ್ ಪಾಸ್‌ವರ್ಡನ್ನು ಅದೇ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಉಳಿಸಿದರೆ ಇದರ ಅರ್ಧ ಪ್ರಯೋಜನ ಹೋಯಿತು.

ನಿಂತುಹೋದರೆ ಗೊತ್ತಾಗಬೇಕು

ತಾನಾಗಿ ನಡೆಯುವುದು ತಾನಾಗಿ ನಿಲ್ಲಲೂಬಹುದು. ಡುಪ್ಲಿಕಾಟಿಯ ಸೆಂಡ್-ಮೇಲ್ ಆಯ್ಕೆಗಳಲ್ಲಿ ನಿಮ್ಮ ಇಮೇಲ್ ಕೊಡಿ. ಜಿಮೇಲ್ ಆದರೆ ನಿಮ್ಮ ಸಾಮಾನ್ಯ ಪಾಸ್‌ವರ್ಡ್ ನಡೆಯುವುದಿಲ್ಲ, ಎರಡು ಹಂತದ ಪರಿಶೀಲನೆ ಆನ್ ಮಾಡಿ ಆಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಯಶಸ್ಸಿನ ಮೇಲ್ ಕೂಡ ಬರಲಿ. ಸೋತಾಗ ಮಾತ್ರ ಮೇಲ್ ಬರುವ ಹಾಗೆ ಮಾಡಿದರೆ, ಡುಪ್ಲಿಕಾಟಿ ಶುರುವೇ ಆಗದ ದಿನ ಯಾವ ಮೇಲೂ ಬರುವುದಿಲ್ಲ. ನೀವು ಎಲ್ಲ ಸರಿಯಿದೆ ಅಂತ ನಂಬಿರುತ್ತೀರಿ.

ತಿಂಗಳಿಗೊಮ್ಮೆ ವಾಪಸ್ ತಂದು ನೋಡಿ. ನಾನು ಮೊದಲ ಭಾನುವಾರ ಮಾಡುತ್ತೇನೆ. ಅದೇ ಲ್ಯಾಪ್‌ಟಾಪಿನಲ್ಲಿ ಅಲ್ಲ, ಮನೆಯ ಇನ್ನೊಂದು ಲ್ಯಾಪ್‌ಟಾಪಿನಲ್ಲಿ. ಯಾಕೆಂದರೆ ನಿಜವಾದ ಕಷ್ಟದ ದಿನ ಹಳೆಯ ಲ್ಯಾಪ್‌ಟಾಪ್ ಇರುವುದಿಲ್ಲ. ಡುಪ್ಲಿಕಾಟಿಯಲ್ಲಿ ರಿಸ್ಟೋರ್, ನಂತರ ಡೈರೆಕ್ಟ್ ರಿಸ್ಟೋರ್ ಫ್ರಮ್ ಬ್ಯಾಕಪ್ ಫೈಲ್ಸ್. ನೆಟ್‌ವರ್ಕ್ ದಾರಿ ಕೊಡಿ, ಬೀರುವಿನ ಕಾಗದ ನೋಡಿ ಪಾಸ್‌ಫ್ರೇಸ್ ಟೈಪ್ ಮಾಡಿ. ಕಾಗದದಲ್ಲಿ ತಪ್ಪು ಬರೆದಿದ್ದರೆ ಈಗಲೇ ತಿಳಿಯುತ್ತದೆ. ಮೂರು ಫೈಲು ತನ್ನಿ: ಒಂದು ಫೋಟೋ, ಕಳೆದ ತಿಂಗಳ ಒಂದು ಎಕ್ಸೆಲ್, ಒಂದು ಹಳೆಯ ನುಡಿ ಕಡತ. ತೆರೆದು ನೋಡಿ. ನಾನು ನಾಲ್ಕನೆಯದಾಗಿ ಅಜ್ಜಿಯ ಒಂದು ಹಾಡು ತರುತ್ತೇನೆ, ಕೊನೆಯವರೆಗೆ ಕೇಳುತ್ತೇನೆ.

ಮನೆಯ ಹೊರಗೆ ಒಂದು

ಕಳ್ಳತನ, ನೀರು, ಬೆಂಕಿ. ಇವು ಲ್ಯಾಪ್‌ಟಾಪ್, ನ್ಯಾಸ್ ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಹೋಗುತ್ತವೆ. ಅದಕ್ಕೇ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ ಬೇರೆ ಕಡೆ ಎನ್ನುವ 3-2-1 ನಿಯಮ. ಎರಡು ಯುಎಸ್‌ಬಿ ಡಿಸ್ಕ್ ಕೊಳ್ಳಿ. ನ್ಯಾಸ್‌ನ ಹೈಪರ್ ಬ್ಯಾಕಪ್ ಎಂಬ ಪ್ಯಾಕೇಜ್‌ನಲ್ಲಿ ಪ್ರತಿ ಡಿಸ್ಕಿಗೂ ಒಂದೊಂದು ಕೆಲಸ ಮಾಡಿ, ಎನ್‌ಕ್ರಿಪ್ಶನ್ ಹಾಕಿ, ವಾರಕ್ಕೊಮ್ಮೆ ಎಂದು ಗೊತ್ತುಮಾಡಿ. ಇದೂ ಇನ್‌ಕ್ರಿಮೆಂಟಲ್. ಮೊಬೈಲಿನ ಫೋಟೋಗಳನ್ನು ನೇರ ನ್ಯಾಸ್‌ಗೇ ಕಳಿಸುವವರು ಆ ಫೋಲ್ಡರನ್ನೂ ಇದರಲ್ಲಿ ಸೇರಿಸಲೇಬೇಕು, ಇಲ್ಲದಿದ್ದರೆ ಅವುಗಳಿಗೆ ಇರುವುದು ಒಂದೇ ಜಾಗ.

ಒಂದು ಡಿಸ್ಕ್ ನ್ಯಾಸ್ ಪಕ್ಕ ಇರಲಿ, ಇನ್ನೊಂದು ಬೇರೆ ಮನೆಯಲ್ಲಿ. ನನ್ನದು ಹಾಸನದ ಅಕ್ಕನ ಮನೆಯಲ್ಲಿದೆ. ಹಬ್ಬಕ್ಕೆ ಹೋದಾಗ ಇದನ್ನು ಕೊಟ್ಟು ಅದನ್ನು ತರುತ್ತೇನೆ. ಡಿಸ್ಕಿನ ಮೇಲೆ ಬಿಳಿ ಟೇಪ್ ಅಂಟಿಸಿ ತಾರೀಕು ಬರೆದಿದ್ದೇನೆ. ತಂದ ಡಿಸ್ಕನ್ನು ಅವತ್ತೇ ನ್ಯಾಸ್‌ಗೆ ಹಾಕಿ ಅದರ ಕೆಲಸವನ್ನು ಒಮ್ಮೆ ಕೈಯಾರೆ ಓಡಿಸುತ್ತೇನೆ.